ಯಾರ ಪರವಾಗಿ ಲೆಕ್ಕ ನೋಡ್ತೀಯಾ? ಖಾನಾಪುರ ರಸ್ತೆಯಲ್ಲಿ ಹುಟ್ಟಿದ ಒಂದು ಪ್ರಶ್ನೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಬಸ್ಸಲ್ಲಿದ್ದೀರೋ, ಮೆಸ್ಸಲ್ಲಿ ಊಟಕ್ಕೆ ಕಾಯ್ತಾ ಇದ್ದೀರೋ, ಇಯರ್‌ಫೋನ್ ಮಾತ್ರ ಸರಿಯಾಗಿ ಹಾಕ್ಕೊಳ್ರಿ. ಇವತ್ತಿನ ವಿಷಯ ಹೊರಗಿನಿಂದ ನೋಡಿದ್ರೆ ಬಹಳ ಒಣಾ ವಿಷಯ: ಅಕೌಂಟ್ಸ್. ಬಿಕಾಂ ಮುಗಿಸಿದವರು ಮುಂದೆ ಯಾವ ಲೈನ್ ಹಿಡೀಬೇಕು ಅನ್ನೋ ಪ್ರಶ್ನೆ. ಆದ್ರೆ ನಾನು ಕರಿಯರ್ ಗೈಡೆನ್ಸ್ ಕೊಡೋದಿಲ್ಲ, ಕೊಡುವ ಯೋಗ್ಯತೆಯೂ ನನಗಿಲ್ಲ. ಯಾಕೆ ಇಲ್ಲ ಅಂತ ಆಮೇಲೆ ಹೇಳ್ತೀನಿ. ಇದು ಇತಿಹಾಸದ ಪಾಡ್‌ಕಾಸ್ಟ್, ಹಾಗಾಗಿ ಇತಿಹಾಸವನ್ನೇ ಹೇಳ್ತೀನಿ.

ನನ್ನ ಕಾಕಾನ ಮಗಳು ಖಾನಾಪುರದಾಕಿ. ಮೂರು ವರ್ಷ ದಿನಾ ಬಸ್ಸಿನಲ್ಲಿ ಬೆಳಗಾವಿಗೆ ಓಡಾಡಿ ಬಿಕಾಂ ಮುಗಿಸಿದಳು. ಮೊನ್ನೆ ಮಳೆಗಾಲದಲ್ಲಿ ನಾನು ಅವರ ಮನೆಗೆ ಹೋದಾಗ, ಚಹಾ ಕೈಗಿಟ್ಟು ಕೇಳಿದಳು:

"ಅಣ್ಣಾ, ಎಲ್ಲಾರೂ ಒಂದೊಂದ ಹೇಳ್ತಾರ. ಜಿಎಸ್‌ಟಿ ಕಲಿ ಅಂತಾರ ಒಬ್ರು. ಆಡಿಟ್‌ಗೆ ಸ್ಕೋಪ್ ಐತಿ ಅಂತಾರ ಇನ್ನೊಬ್ರು. ಕಾಸ್ಟಿಂಗ್ ಮಾಡಿದ್ರ ಫ್ಯಾಕ್ಟರಿಯೊಳಗ ನೌಕರಿ ಸಿಗತೈತಿ ಅಂತ ಸರ್ ಹೇಳ್ಯಾರ. ನೀ ಹೇಳು, ಯಾವ ಲೈನ್ ಹಿಡೀಲಿ?"

ಒಳಗೆ ರೊಟ್ಟಿ ಬಡಿಯೋ ಸದ್ದು ಒಂದು ಕ್ಷಣ ನಿಂತಿತು. ಕಾಕು ಕೇಳಿಸ್ಕೊಳ್ತಾ ಇದ್ರು. ನನಗೆ ಉತ್ತರ ಬರಲಿಲ್ಲ. "ನಡಿ, ಹಲಸಿಗೆ ಹೋಗಿ ಬರೂಣು" ಅಂದೆ. ಪ್ರಶ್ನೆ ತಪ್ಪಿಸಿಕೊಳ್ಳೋಕೆ ಅಂದದ್ದು ಅದು. ಆದ್ರೆ ಬೈಕ್ ನಂದಗಡ ದಾಟುವಷ್ಟರಲ್ಲಿ ಗೊತ್ತಾಯ್ತು, ಉತ್ತರದ ಅರ್ಧ ಭಾಗ ಆ ರಸ್ತೆಯ ಮೇಲೇ ಬಿದ್ದಿದೆ ಅಂತ.

ಹಲಸಿ ಅಂದ್ರೆ ಹಳೆಯ ಪಲಾಶಿಕಾ. ಕದಂಬರು ಬನವಾಸಿಯ ಜೊತೆಗೆ ಇಲ್ಲಿಂದಲೂ ಆಳಿದ್ರು. ಭೂವರಾಹ ನರಸಿಂಹನ ಗುಡಿ ನೋಡೋಕೆ ಜನ ಬರ್ತಾರೆ, ಫೋಟೊ ತೆಗೆಸ್ಕೊಂಡು ಹೋಗ್ತಾರೆ. ಆದ್ರೆ ನನ್ನಂಥ ಕಾಮರ್ಸ್ ಹುಡುಗನಿಗೆ ಹಲಸಿಯ ನಿಜವಾದ ಆಸ್ತಿ ಅಂದ್ರೆ ಅಲ್ಲಿ ಸಿಕ್ಕ ತಾಮ್ರಪಟಗಳು. 19ನೇ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಅವನ್ನು ಓದಿ ಪ್ರಕಟಿಸಿದ್ರು. ಒಂದರಲ್ಲಿ ಮೃಗೇಶವರ್ಮ ಜೈನ ಬಸದಿಗೆ 33 ನಿವರ್ತನ ಭೂಮಿ ಕೊಟ್ಟ ದಾಖಲೆ ಇದೆ. ನಿವರ್ತನ ಅಂದ್ರೆ ಆಗಿನ ಭೂಮಿಯ ಅಳತೆ. ಇನ್ನೊಂದರಲ್ಲಿ, ಕ್ರಿ.ಶ. 500ರ ಆಸುಪಾಸಿನದು, ರವಿವರ್ಮ ಒಂದು ಊರಿನ ವರಮಾನವನ್ನು ಹೇಗೆ ಖರ್ಚು ಮಾಡಬೇಕು ಅಂತ ಹೇಳ್ತಾನೆ: ಕಾರ್ತೀಕ ಮಾಸದಲ್ಲಿ ಎಂಟು ದಿನದ ಜಿನೇಂದ್ರನ ಉತ್ಸವ, ಮತ್ತೆ ಮಳೆಗಾಲದ ನಾಲ್ಕು ತಿಂಗಳು ಯತಿಗಳ ಊಟ.

ಖಾನಾಪುರದ ಮಳೆ ನೋಡಿದವರಿಗೆ ಆ ನಾಲ್ಕು ತಿಂಗಳ ಅರ್ಥ ಆಗ್ತದೆ.

ನಾನು ತಂಗಿಗೆ ಹೇಳಿದೆ: ನೋಡು, ಎಷ್ಟು ಜಮೀನು, ಯಾರಿಗೆ, ಯಾವ ಬಾಬಿಗೆ, ಯಾವ ತಿಂಗಳು. ಇದು ಬಜೆಟ್. ಆದ್ರೆ ಆಡಿಟರ್ ಎಲ್ಲಿ? ಆಕೆ ಸ್ವಲ್ಪ ಯೋಚನೆ ಮಾಡಿದಳು. ಇಂಥ ಶಾಸನಗಳ ಕೊನೆಯಲ್ಲಿ ಶಾಪ ಇರ್ತದಲ್ಲ, ಈ ದಾನ ಕಸಿದವರು ಇಷ್ಟು ಸಾವಿರ ವರ್ಷ ನರಕದಲ್ಲಿ ಬೀಳಲಿ ಅಂತ, ಅದೇ ಆಗಿನ ಆಡಿಟರ್. ಲೆಕ್ಕ ತಪ್ಪಿಸಿದವನನ್ನು ಹಿಡಿಯೋಕೆ ಪಾಪಭಯ ಬಿಟ್ಟರೆ ಬೇರೆ ಇಲಾಖೆ ಇರಲಿಲ್ಲ. (ಕೆಲವು ಸಲ ಅನಿಸ್ತದೆ, ಈಗಲೂ ಅದನ್ನೇ ವಾಪಸ್ ತಂದ್ರೆ ಹೇಗೆ ಅಂತ.)

ಅಲ್ಲಿಂದ ನೇರವಾಗಿ ಕುಲಕರ್ಣಿಗೆ ಬರೋಣ. ನಮ್ಮ ಕಡೆ ಕುಲಕರ್ಣಿ, ದೇಶಪಾಂಡೆ ಅಂದ್ರೆ ಇವತ್ತು ಅಡ್ಡಹೆಸರು. ಒಂದು ಕಾಲಕ್ಕೆ ಅವು ಹುದ್ದೆಗಳು. ಊರಿನ ಲೆಕ್ಕ ಬರೆಯುವವ ಕುಲಕರ್ಣಿ. ಹತ್ತಾರು ಊರು ಸೇರಿದ ಪರಗಣೆಯ ಲೆಕ್ಕ ನೋಡುವವ ದೇಶಪಾಂಡೆ. ಹಳೇ ಮೈಸೂರಿನ ಕಡೆ ಶಾನುಭೋಗ ಅಂತಾರಲ್ಲ, ಇಲ್ಲಿ ಅದೇ ಕೆಲಸ ಕುಲಕರ್ಣಿಯದು. ಹುದ್ದೆ ವಂಶಪಾರಂಪರ್ಯ, ಅದಕ್ಕೆ ವತನ ಅಂತಿದ್ರು. ಸ್ಪೆಷಲೈಸೇಶನ್ ಯಾವುದು ತಗೋಬೇಕು ಅನ್ನೋ ತಲೆನೋವೇ ಇಲ್ಲ. ಹುಟ್ಟಿದ ಮನೆ ನಿನ್ನ ಸ್ಪೆಷಲೈಸೇಶನ್.

ಅವರು ಬರೆಯುತ್ತಿದ್ದದ್ದು ಬಹಳಷ್ಟು ಮೋಡಿ ಲಿಪಿಯಲ್ಲಿ. ಕೈ ಎತ್ತದೆ ಸರಸರ ಬರೆಯುವ ಬರಹ ಅದು. ಹೊಲ ಉಳುವವನಿಗೆ ಅದನ್ನು ಓದೋಕೆ ಬರ್ತಿರಲಿಲ್ಲ. ಅವನ ಹೆಸರಿನ ಮುಂದೆ ಎಷ್ಟು ಬಾಕಿ ಇದೆ ಅಂತ ಕುಲಕರ್ಣಿ ಹೇಳಿದ್ದೇ ಬಾಕಿ. ಈಗ ಯೋಚನೆ ಮಾಡ್ರಿ, ನಂದಗಡದಲ್ಲಿ ನಾವು ಕೈಮುಗಿದು ಬಂದ ಆ ಸಮಾಧಿಯ ಬಗ್ಗೆ. ಸಂಗೊಳ್ಳಿ ರಾಯಣ್ಣನ ಮನೆತನದ ಜಮೀನಿನ ಮೇಲೂ ಕಂಪನಿ ಸರಕಾರ ಕೈಯಿಟ್ಟಿತ್ತು. 1830ರ ಜನವರಿಯಲ್ಲಿ ಅವನು ದಂಗೆ ಎದ್ದಾಗ ಬೆಂಕಿ ಹಚ್ಚಿದ ಮೊದಮೊದಲ ಜಾಗಗಳಲ್ಲಿ ಒಂದು ಬೀಡಿ ಊರಿನ ಕಚೇರಿ. ಅದೂ ಇದೇ ಖಾನಾಪುರ ತಾಲೂಕು. ಖಜಾನೆ ದೋಚೋದು ಅರ್ಥ ಆಗ್ತದೆ. ದಫ್ತರ ಯಾಕೆ ಸುಡಬೇಕು? ಯಾಕಂದ್ರೆ ಆ ದಫ್ತರದಲ್ಲಿ ಯಾರ ಹೊಲ ಯಾರದು, ಯಾರು ಎಷ್ಟು ಕೊಡಬೇಕು ಅನ್ನೋದು ಇತ್ತು, ಮತ್ತೆ ಅದನ್ನು ಬರೆದದ್ದು ರೈತರ ಪರವಾಗಿ ಅಲ್ಲ. 1831ರ ಜನವರಿ 26ರಂದು ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಶಾಲೆಯಲ್ಲಿ ನಾವು ಇದನ್ನು ಶೌರ್ಯದ ಕಥೆಯಾಗಿ ಓದಿದ್ದೀವಿ, ಅದು ಸರಿಯೇ. ಆದ್ರೆ ಅದು ಲೆಕ್ಕದ ಪುಸ್ತಕದ ಕಥೆಯೂ ಹೌದು.

ಅಲ್ಲೇ ಗುಡಿಯ ಕಟ್ಟೆ ಮೇಲೆ ಕೂತಾಗ ಈ ಮಾತು ನನ್ನ ಬಾಯಿಂದ ಬಂತು: ಯಾವ ಲೈನ್ ಅಂತ ಕೇಳಬ್ಯಾಡ, ಯಾರ ಪರವಾಗಿ ಲೆಕ್ಕ ನೋಡ್ತೀಯಾ ಅಂತ ಕೇಳ್ಕೋ. ದೊಡ್ಡ ಮಾತು ಆಡಿಬಿಟ್ಟೆ ಅನಿಸ್ತು. ಆಕೆಯೂ "ಹಂಗಂದ್ರ?" ಅಂದಳು.

ಹಂಗಂದ್ರೆ ಇಷ್ಟು. ಅಕೌಂಟ್ಸ್‌ನ ಒಂದೊಂದು ಶಾಖೆಯೂ ಹುಟ್ಟಿದ್ದು ಯಾರೋ ಒಬ್ಬರು ಇನ್ನೊಬ್ಬರ ಲೆಕ್ಕವನ್ನು ನಂಬದೆ ಹೋದಾಗ. ಕಾಲೇಜಿನಲ್ಲಿ ಇವೆಲ್ಲ ಪೇಪರ್ ಒಂದು, ಪೇಪರ್ ಎರಡು ಅಂತ ಬರ್ತಾವೆ. ಅವಕ್ಕೆ ಹುಟ್ಟಿದ ದಿನ ಇದೆ, ಕೆಲವಕ್ಕೆ ಸತ್ತ ದಿನವೂ ಇದೆ ಅಂತ ಯಾರೂ ಹೇಳೋದಿಲ್ಲ.

ಕುಲಕರ್ಣಿ ವತನ ಸತ್ತ ದಿನ 1951ರ ಮೇ 1. ಆಗ ಬೆಳಗಾವಿ ಮುಂಬೈ ರಾಜ್ಯದಲ್ಲಿತ್ತು. ಪರಗಣೆ ಮತ್ತು ಕುಲಕರ್ಣಿ ವತನಗಳ ರದ್ದತಿ ಕಾಯ್ದೆ 1950ರಲ್ಲಿ ಪಾಸಾಗಿ, ಮಾರನೇ ವರ್ಷ ಜಾರಿಗೆ ಬಂತು. ತಲೆಮಾರುಗಟ್ಟಲೆ ಕಲಿತ ಕೆಲಸ ಒಂದು ಬೆಳಗಿಗೆ ಹಕ್ಕಾಗಿ ಉಳಿಯಲಿಲ್ಲ. ಅವರ ಜಾಗಕ್ಕೆ ಸಂಬಳದ ತಲಾಠಿ ಬಂದ. ಮುಂದೆ ಅವನೇ ಗ್ರಾಮಲೆಕ್ಕಿಗ. ಈಗ ಕರ್ನಾಟಕದಲ್ಲಿ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರು, ಲೆಕ್ಕ ಅನ್ನೋ ಶಬ್ದವೇ ಹೋಯ್ತು. ಮೋಡಿ ಮಾತ್ರ ಪೂರಾ ಸಾಯಲಿಲ್ಲ. ಇವತ್ತಿಗೂ ಜಮೀನಿನ ದಾವೆಯಲ್ಲಿ ಹಳೇ ಮೋಡಿ ಕಾಗದ ಬಂತು ಅಂದ್ರೆ ಓದಿ ಹೇಳುವವರನ್ನು ಹುಡುಕಿಕೊಂಡು ಹೋಗ್ತಾರೆ. ನೌಕರಿ ಸತ್ತ ಮೇಲೂ ವಿದ್ಯೆ ಫೀ ತರ್ತದೆ ಅಂದ್ರೆ ನಂಬ್ರಿ.

ಕಂಪನಿ ಆಡಿಟ್‌ನ ಕಥೆ ನಮ್ಮೂರಿನದಲ್ಲ, ಮುಂಬೈದು, ಹಾಗಾಗಿ ಬೇಗ ಮುಗಿಸ್ತೀನಿ. 1913ರಲ್ಲಿ ಕಂಪನಿ ಕಾಯ್ದೆ ಬಂತು. ಶೇರುದಾರರು ದೂರದಲ್ಲಿ, ದುಡ್ಡು ಡೈರೆಕ್ಟರುಗಳ ಕೈಯಲ್ಲಿ, ನಡುವೆ ಒಬ್ಬ ಅರ್ಹ ಆಡಿಟರ್ ಬೇಕು. ಅದೇ ವರ್ಷ ಮುಂಬೈನಲ್ಲಿ ಸಿಡೆನ್‌ಹ್ಯಾಮ್ ಕಾಮರ್ಸ್ ಕಾಲೇಜು ಶುರುವಾಯ್ತು. 1918ರಿಂದ ಸರಕಾರವೇ ಅಕೌಂಟೆನ್ಸಿ ಡಿಪ್ಲೊಮಾ ಕೊಡೋಕೆ ಆರಂಭಿಸಿತು, ಅದನ್ನು ಜಿಡಿಎ ಅಂತಿದ್ರು. 1933ರಲ್ಲಿ ಆ ಡಿಪ್ಲೊಮಾ ಪಾಸಾದ ಮೊದಲ ಮಹಿಳೆ ಆರ್. ಶಿವಭೋಗಂ, ಮದ್ರಾಸಿನವರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವರು. 1937ರಲ್ಲಿ ಸ್ವಂತ ಪ್ರ್ಯಾಕ್ಟೀಸ್ ಶುರು ಮಾಡಿದ್ರು. 1949ರ ಜುಲೈ 1ಕ್ಕೆ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆ ಹುಟ್ಟಿತು. ಅದರ ದಕ್ಷಿಣ ಭಾರತ ಪ್ರಾದೇಶಿಕ ಮಂಡಳಿಗೆ 1955ರಿಂದ 1958ರವರೆಗೆ ಇದೇ ಶಿವಭೋಗಂ ಅಧ್ಯಕ್ಷರು. ಇವತ್ತು ಸಿಎ ಸಂಸ್ಥೆಯ ಬೆಳಗಾವಿ ಶಾಖೆ ಬರೋದು ಅದೇ ಮಂಡಳಿಯ ಕೆಳಗೆ. ಇದನ್ನ ಕೇಳಿ ತಂಗಿ ಸ್ವಲ್ಪ ನೆಟ್ಟಗೆ ಕೂತಳು. ಸಿಎ ಅಂದ್ರೆ ಗಂಡುಮಕ್ಕಳ ಕೆಲಸ ಅಂತ ಅವರ ಓಣಿಯಲ್ಲಿ ಈಗಲೂ ಹೇಳುವವರಿದ್ದಾರಂತೆ.

ಈಗ ಬೆಳಗಾವಿಗೆ ವಾಪಸ್ ಬರೋಣ. ನನ್ನದೇ ಕಥೆ ಹೇಳ್ತೀನಿ. 2017. ನಾನು ಬಿಕಾಂ ಓದ್ತಾ ಇದ್ದೆ, ಸಂಜೆ ಒಬ್ಬ ಟ್ಯಾಕ್ಸ್ ಪ್ರ್ಯಾಕ್ಟೀಷನರ್ ಆಫೀಸಿನಲ್ಲಿ ಕೆಲಸ. ರವಿವಾರ ಪೇಟೆ, ಖಡೇಬಜಾರಿನ ಅಂಗಡಿಗಳೇ ನಮ್ಮ ಗಿರಾಕಿಗಳು. ಆಫೀಸಿನ ಮೂಲೆಯಲ್ಲಿ ಒಂದು ಕಬ್ಬಿಣದ ಟ್ರಂಕು. ಅದರ ತುಂಬ ಸಿ ಫಾರ್ಮ್.

ಈಗಿನ ಹುಡುಗರಿಗೆ ಸಿ ಫಾರ್ಮ್ ಅಂದ್ರೆ ಏನು ಅಂತಲೇ ಗೊತ್ತಿಲ್ಲ, ಹೇಳ್ತೀನಿ. 1956ರ ಕೇಂದ್ರ ಮಾರಾಟ ತೆರಿಗೆ ಕಾಯ್ದೆ. ಒಂದು ರಾಜ್ಯದ ವ್ಯಾಪಾರಿ ಇನ್ನೊಂದು ರಾಜ್ಯದ ವ್ಯಾಪಾರಿಗೆ ಮಾಲು ಮಾರಿದಾಗ, ಕೊಂಡವನು ಸಿ ಫಾರ್ಮ್ ಕೊಟ್ರೆ ತೆರಿಗೆ ಕಡಿಮೆ. ಬಹಳ ವರ್ಷ ಅದು ಶೇ. 4 ಇತ್ತು, 2008ರ ನಂತರ ಶೇ. 2. ಫಾರ್ಮ್ ಬರಲಿಲ್ಲ ಅಂದ್ರೆ ಮಾರಿದವನ ತಲೆ ಮೇಲೆ ಪೂರ್ತಿ ದರ, ಮೇಲೆ ಬಡ್ಡಿ. ಬೆಂಗಳೂರಿನವರಿಗೆ ಇದು ಪುಸ್ತಕದ ಒಂದು ಅಧ್ಯಾಯ. ಬೆಳಗಾವಿಗೆ ಅದು ದಿನದ ಅನ್ನ. ಕೊಲ್ಹಾಪುರ, ಸಾಂಗ್ಲಿ, ಗೋವಾ ಎಲ್ಲಾ ಕೂಗಳತೆಯಲ್ಲಿ. ಮಾಲು ಗಡಿ ದಾಟದ ದಿನವೇ ಇಲ್ಲ. ಹೀಗಾಗಿ ನಮ್ಮ ಊರಿನಲ್ಲಿ ಸಿ ಫಾರ್ಮ್ ಅನ್ನೋದೇ ಒಂದು ಸ್ಪೆಷಲೈಸೇಶನ್. ಯಾವ ವ್ಯಾಪಾರಿಯಿಂದ ಯಾವ ಫಾರ್ಮ್ ಬಾಕಿ ಇದೆ, ಯಾರನ್ನು ಎಷ್ಟು ಸಲ ಕಾಡಿದ್ರೆ ಕೊಡ್ತಾನೆ, ಇದೆಲ್ಲ ನಮ್ಮ ಸಾಹೇಬ್ರ ತಲೆಯಲ್ಲಿ ಇತ್ತು. ನಾನು ಅದನ್ನೇ ಕಲೀಬೇಕು ಅಂತಿದ್ದೆ. ಸಾಯೋವರೆಗೂ ಊಟಕ್ಕೆ ತೊಂದರೆ ಇಲ್ಲ ಅನ್ನೋ ಲೆಕ್ಕ.

ಜೂನ್ 30ರ ಮಧ್ಯರಾತ್ರಿ ಪಾರ್ಲಿಮೆಂಟಿನ ಸೆಂಟ್ರಲ್ ಹಾಲ್‌ನಲ್ಲಿ ಕಾರ್ಯಕ್ರಮ. ಜುಲೈ 1ಕ್ಕೆ ಜಿಎಸ್‌ಟಿ. ಸಿಎ ದಿನಾಚರಣೆ ಅವತ್ತೇ, ಗಮನಿಸ್ರಿ. ಪೆಟ್ರೋಲ್, ಡೀಸೆಲ್‌ನಂಥ ಕೆಲವು ಮಾಲು ಬಿಟ್ರೆ ಸಿ ಫಾರ್ಮ್‌ಗೆ ಕೆಲಸ ಇಲ್ಲ. ಗಡಿಯ ತೆರಿಗೆ ಚೆಕ್‌ಪೋಸ್ಟ್‌ಗಳೂ ಎದ್ದು ಹೋದವು. ನಾನು ಬೆಳಿಗ್ಗೆ ಆಫೀಸಿಗೆ ಹೋದ್ರೆ ಸಾಹೇಬ್ರು ಟ್ರಂಕಿನ ಮೇಲೆ ಕಾಲಿಟ್ಟುಕೊಂಡು ಪೇಪರ್ ಓದ್ತಾ ಇದ್ದಾರೆ. ವಯಸ್ಸು ಅರವತ್ತು ದಾಟಿತ್ತು. "ಸರ್, ಇನ್ನ ಏನ್ ಮಾಡೂದು?" ಅಂದೆ. "ಏನ್ ಮಾಡೂದು ಅಂದ್ರ? ಕಾಯ್ದೆ ಬದಲಾತು, ಗಿರಾಕಿ ಅವನೇ ಅದಾನಲ್ಲೋ" ಅಂದ್ರು. ಅವರು ಜಿಎಸ್‌ಟಿ ಕಲಿತ್ರು. ಕಂಪ್ಯೂಟರ್ ಮುಂದೆ ಕೂತು ಬೈಕೋತ ಬೈಕೋತ ಕಲಿತ್ರು. ನಾನು ಒಂದು ವರ್ಷ ಗೊಂದಲದಲ್ಲಿ ಕಳೆದೆ. ವ್ಯತ್ಯಾಸ ಎಲ್ಲಿತ್ತು ಅಂತ ಈಗ ಗೊತ್ತಾಗ್ತದೆ. ನಾನು ಫಾರ್ಮ್ ಕಲಿತಿದ್ದೆ. ಅವರು ವ್ಯಾಪಾರಿಯನ್ನು ಕಲಿತಿದ್ರು. ಸರಕಾರದ ಎದುರು ವ್ಯಾಪಾರಿಯ ಪರವಾಗಿ ನಿಲ್ಲೋದೇ ಅವರ ಕೆಲಸ, ಫಾರ್ಮಿನ ಹೆಸರು ಏನಾದ್ರೂ ಇರಲಿ.

ಇಂಥ ಪಲ್ಟಿ ಹಿಂದೆಯೂ ಆಗಿವೆ. ದೀಪಾವಳಿ ಪಾಡ್ಯಕ್ಕೆ ಖಾತೆ ಕೀರ್ದಿ ಪೂಜೆ ಮಾಡಿ, ಅಲ್ಲಿಂದಲೇ ವರ್ಷ ಎಣಿಸುತ್ತಿದ್ದ ಅಂಗಡಿಗಳು ಪೇಟೆ ತುಂಬ ಇದ್ವು. 1989–90ರ ಅಸೆಸ್‌ಮೆಂಟ್ ವರ್ಷದಿಂದ ಆದಾಯ ತೆರಿಗೆಗೆ ಎಲ್ಲರ ವರ್ಷವೂ ಏಪ್ರಿಲ್‌ನಿಂದ ಮಾರ್ಚ್. ಪೂಜೆ ಉಳೀತು, ದೀಪಾವಳಿ ವರ್ಷ ಹೋಯ್ತು. 1984ರಲ್ಲಿ ಆದಾಯ ತೆರಿಗೆ ಕಾಯ್ದೆಗೆ 44ಎಬಿ ಅಂತ ಒಂದು ಕಲಂ ಸೇರಿತು: ವ್ಯಾಪಾರದ ವಹಿವಾಟು 40 ಲಕ್ಷ ದಾಟಿದ್ರೆ ಸಿಎ ಕಡೆಯಿಂದ ಟ್ಯಾಕ್ಸ್ ಆಡಿಟ್ ಕಡ್ಡಾಯ. ಸಣ್ಣ ಊರಿನ ಸಿಎಗಳಿಗೆ ಅದು ಬಾವಿ ತೋಡಿ ಕೊಟ್ಟ ಹಾಗಾಯ್ತು. ಈಗ ಮಿತಿ ಒಂದು ಕೋಟಿ, ನಗದು ವ್ಯವಹಾರ ಶೇ. 5ರೊಳಗಿದ್ರೆ ಹತ್ತು ಕೋಟಿ. 1961ರ ಆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ, ಜಾರಿ 2026ರ ಏಪ್ರಿಲ್ 1ರಿಂದ. ಕಲಮುಗಳ ನಂಬರ್ ಎಲ್ಲಾ ಬದಲು. ಅಸೆಸ್‌ಮೆಂಟ್ ಇಯರ್ ಅನ್ನೋ ಶಬ್ದವೇ ಇಲ್ಲ, ಬರೀ ಟ್ಯಾಕ್ಸ್ ಇಯರ್. ನಂಬರ್ ಬಾಯಿಪಾಠ ಮಾಡಿ ಎಕ್ಸ್‌ಪರ್ಟ್ ಆದವರ ಮುಖ ನೆನಪಾಗಿ ನನಗೆ ಸಣ್ಣ ನಗು ಬರ್ತದೆ, ಕ್ಷಮಿಸ್ರಿ.

ಇನ್ನು ಟ್ಯಾಲಿ. ಇದು ನಮ್ಮ ಕರ್ನಾಟಕದ ಕಥೆ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ್ ಗೋಯೆಂಕಾ ಅನ್ನೋ ವ್ಯಾಪಾರಿಗೆ ತಮ್ಮ ಲೆಕ್ಕ ನೋಡ್ಕೊಳ್ಳುವಂಥ ಸಾಫ್ಟ್‌ವೇರ್ ಸಿಗಲಿಲ್ಲ, ಗಣಿತ ಓದಿದ ಮಗ ಭರತ್ ಗೋಯೆಂಕಾಗೆ ಬರೆಯೋಕೆ ಹೇಳಿದ್ರು. ಅದೇ ಮುಂದೆ ಟ್ಯಾಲಿ ಆಯ್ತು, ಮಗನಿಗೆ 2020ರಲ್ಲಿ ಪದ್ಮಶ್ರೀ ಬಂತು. ನಮ್ಮ ಪೇಟೆಯಲ್ಲಿ ಕೆಂಪು ಬಟ್ಟೆಯ ಕೀರ್ದಿ ಬರೀತಿದ್ದ ದಿವಾಣಜಿಗಳ ಕೆಲಸ ಎರಡು ದಶಕದಲ್ಲಿ ಕರಗಿ ಹೋಯ್ತು. ಬರೆಯೋದು, ಕೂಡಿಸೋದು ಮಷೀನಿಗೆ ಹೋಯ್ತು. ಇವತ್ತು ಟ್ಯಾಲಿ ಬರ್ತದೆ ಅಂದ್ರೆ ಸೈಕಲ್ ಹೊಡೀಲಿಕ್ಕೆ ಬರ್ತದೆ ಅಂದ ಹಾಗೆ. ಬರಲೇಬೇಕು, ಆದ್ರೆ ಅದಕ್ಕೆ ಯಾರೂ ಸನ್ಮಾನ ಮಾಡೋದಿಲ್ಲ.

ಕಾಸ್ಟಿಂಗ್ ಬಗ್ಗೆ ಕಾಲೇಜಿನ ಸರ್ ಹೇಳಿದ್ದು ಸುಳ್ಳಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಬರುವಾಗ ಉದ್ಯಮಬಾಗ, ಮಚ್ಛೆ ಸಿಗ್ತಾವಲ್ಲ, ಎರಕದ ಕಾರ್ಖಾನೆಗಳ ಸಾಲು. ಕರಗಿಸಿದ ಕಬ್ಬಿಣ ಎಷ್ಟು, ಅಚ್ಚಿನಿಂದ ಒಳ್ಳೆ ಮಾಲಾಗಿ ಹೊರಬಂದದ್ದು ಎಷ್ಟು, ಕಾಲುವೆಯಲ್ಲಿ ಉಳಿದು ಮತ್ತೆ ಕುಲುಮೆಗೆ ಹೋದದ್ದು ಎಷ್ಟು, ಕರೆಂಟ್ ಎಷ್ಟು. ಈ ಲೆಕ್ಕ ತಪ್ಪಿದ್ರೆ ಆರ್ಡರ್ ಸಿಕ್ಕಷ್ಟೂ ನಷ್ಟ. ಕಾಸ್ಟ್ ಅಕೌಂಟೆಂಟ್‌ಗಳ ಸಂಸ್ಥೆ ಶುರುವಾದದ್ದು 1944ರಲ್ಲಿ, ಕಲ್ಕತ್ತೆಯಲ್ಲಿ, ಎರಡನೇ ಮಹಾಯುದ್ಧದ ನಡುವೆ. ಯುದ್ಧದ ಮಾಲಿಗೆ ಖರ್ಚಿನ ಮೇಲೆ ಲಾಭ ಸೇರಿಸಿ ಬಿಲ್ ಆಗ್ತಿತ್ತು, ಆ ಖರ್ಚು ನಿಜವೋ ಸುಳ್ಳೋ ನೋಡುವವರು ಬೇಕಾಗಿದ್ರು. 1959ರಲ್ಲಿ ಅದಕ್ಕೆ ಪಾರ್ಲಿಮೆಂಟಿನ ಕಾಯ್ದೆ ಬಂತು, 1965ರ ಕಂಪನಿ ಕಾಯ್ದೆ ತಿದ್ದುಪಡಿಯಲ್ಲಿ ಕಾಸ್ಟ್ ಆಡಿಟ್.

ಆದ್ರೆ ಕಾಸ್ಟಿಂಗ್ ಅಂದ್ರೆ ನನಗೆ ನೆನಪಾಗೋದು ಕಾಕಾ. ಖಾನಾಪುರದ ಮಣ್ಣು, ಹಂಚಿಗೆ, ಮಡಕೆಗೆ ಹೆಸರಾದದ್ದು. ಖಾದಿ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರವೂ ಅಲ್ಲೇ ಇದೆ. ಕಾಕಾ ಬಹಳ ವರ್ಷ ಒಂದು ಹಂಚಿನ ಭಟ್ಟಿಯಲ್ಲಿ ಲೆಕ್ಕ ಬರೆದವರು. ಒಂದು ಭಟ್ಟಿಗೆ ಎಷ್ಟು ಹಂಚು ಇಟ್ವಿ, ಎಷ್ಟು ಒಡೆದ್ವು, ಹಸಿ ಕಟ್ಟಿಗೆ ಹಾಕಿದ ದಿನ ಎಷ್ಟು ಹೆಚ್ಚು ಒಡೆದ್ವು, ಇದನ್ನೆಲ್ಲ ಒಂದು ಸಣ್ಣ ವಹಿಯಲ್ಲಿ ಬರೆದಿಡ್ತಿದ್ರು. ಯಾರೂ ಕೇಳಿರಲಿಲ್ಲ. ಭಟ್ಟಿ ಮುಚ್ಚಿದ ಮೇಲೂ ಆ ವಹಿ ಮನೆಯಲ್ಲಿದೆ. ಎಂಕಾಂ ಮಾಡಿದ ನನ್ನ ಗೆಳೆಯರಿಗೆ ಅದನ್ನು ತೋರಿಸಬೇಕು ಅಂತ ಆಸೆ.

ಸರಿ, ತಪ್ಪಿಸಿಕೊಂಡದ್ದು ಸಾಕು. ಕಾಕುವಿನ ವಿಷಯ.

2019ರಲ್ಲಿ ಕಾಕು ಒಂದು ಕ್ರೆಡಿಟ್ ಸೊಸೈಟಿಯಲ್ಲಿ ಠೇವಣಿ ಇಡಬೇಕು ಅಂತಿದ್ರು. ಭಟ್ಟಿಯಿಂದ ಕಾಕಾಗೆ ಬಂದ ಕೊನೆಯ ಹಣ, ಮಗಳ ಓದಿಗೆ ಅಂತ ತೆಗೆದಿಟ್ಟದ್ದು. ಬ್ಯಾಂಕಿಗಿಂತ ಬಡ್ಡಿ ಬಹಳ ಹೆಚ್ಚು. ಸೊಸೈಟಿಯ ವಾರ್ಷಿಕ ವರದಿ ತಂದು ನನ್ನ ಕೈಗೆ ಕೊಟ್ರು. "ನೀ ಬಿಕಾಂ ಕಲ್ತಿ, ಸ್ವಲ್ಪ ನೋಡಪಾ" ಅಂದ್ರು. ನಾನು ಮುಖಪುಟದ ಒಳಗೆ ನೋಡಿದೆ: ಆಡಿಟ್ ವರ್ಗ 'ಎ'. ಲಾಭ ಹೋದ ವರ್ಷಕ್ಕಿಂತ ಹೆಚ್ಚು. "ಇಡ್ರಿ ಕಾಕು, ಎ ಗ್ರೇಡ್ ಐತಿ" ಅಂದೆ. ಐದು ನಿಮಿಷದ ಕೆಲಸ. ಎರಡು ವರ್ಷಕ್ಕೆ ಸೊಸೈಟಿ ಬಾಗಿಲು ಹಾಕಿತು. ಹಣ ಇನ್ನೂ ಬಂದಿಲ್ಲ. ಕಾಕು ನನಗೆ ಒಂದು ಮಾತು ಅಂದಿಲ್ಲ, ಅದೇ ಕಷ್ಟ.

ಆಮೇಲೆ ಅದೇ ವರದಿಯನ್ನು ನಾನು ಎಷ್ಟೋ ಸಲ ಓದಿದ್ದೀನಿ. ಆಸ್ತಿಯ ಕಡೆ ಒಂದು ಸಾಲು ಇತ್ತು: ಬರಬೇಕಾದ ಬಡ್ಡಿ. ಅಂದ್ರೆ ಸಾಲಗಾರರು ಕೊಡಬೇಕು, ಕೊಟ್ಟಿಲ್ಲ, ಆದ್ರೆ ಸೊಸೈಟಿ ಅದನ್ನು ಆದಾಯ ಅಂತ ಬರ್ಕೊಂಡಿದೆ. ಎರಡು ವರ್ಷದ ನಡುವೆ ಆ ಅಂಕಿ ಹೆಚ್ಚಾದದ್ದು ಆ ವರ್ಷದ ಲಾಭಕ್ಕಿಂತ ಜಾಸ್ತಿ. ಅರ್ಥ ಏನು? ಲಾಭ ಕಾಗದದ ಮೇಲಿದೆ, ಪೆಟ್ಟಿಗೆಯಲ್ಲಿ ಇಲ್ಲ. ಇನ್ನೊಂದು ಹಳೇ ಆಟ ಇದೆ. ಮಾರ್ಚ್ ಕೊನೆಗೆ ಹಳೇ ಸಾಲ ತೀರಿತು ಅಂತ ಬರೆದು, ಅದೇ ಹೆಸರಿಗೆ ಹೆಚ್ಚುಕಡಿಮೆ ಅಷ್ಟೇ ಮೊತ್ತದ ಹೊಸ ಸಾಲ ಬರೆಯೋದು. ಒಂದು ರೂಪಾಯಿ ಕೈ ಬದಲಾಗಿಲ್ಲ, ಆದ್ರೆ ಮಾರ್ಚ್ 31ಕ್ಕೆ ಸುಸ್ತಿ ಸಾಲ ಕಡಿಮೆ ಕಾಣ್ತದೆ. ಹಿಡಿಯೋದು ಕಷ್ಟವಲ್ಲ: ಮಾರ್ಚ್ ಕೊನೆಯ ವಾರ, ಏಪ್ರಿಲ್ ಮೊದಲ ವಾರದ ಕ್ಯಾಶ್‌ಬುಕ್ ಪಕ್ಕಪಕ್ಕ ಇಟ್ಟು ನೋಡಬೇಕು. ನೋಡುವವರು ಬೇಕು ಅಷ್ಟೇ.

ಈ ನೋಡುವ ಕೆಲಸಕ್ಕೂ ಹುಟ್ಟಿದ ದಿನ ಇದೆ, ಮತ್ತೆ ಅದು ನಮ್ಮ ಸೀಮೆಯಲ್ಲೇ ಚಿಗುರಿದ್ದು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ರು, ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಅದಕ್ಕೆ ಹೆಸರು. ಕಾಯ್ದೆ ಮಾಡಿದವರಿಗೆ ಒಂದು ಸಮಸ್ಯೆ ಗೊತ್ತಿತ್ತು. ಕಂಪನಿಯ ಶೇರುದಾರ ಓದಿದವನು, ಬೇಕಾದ್ರೆ ಆಡಿಟರ್‌ನನ್ನು ತಾನೇ ಇಡ್ತಾನೆ. ಸಂಘದ ಸದಸ್ಯ ರೈತ, ಅನೇಕರಿಗೆ ಸಹಿ ಕೂಡ ಬರ್ತಿರಲಿಲ್ಲ. ಅವನ ಪರವಾಗಿ ಪುಸ್ತಕ ತೆರೆಯುವವರು ಯಾರು? ಹಾಗಾಗಿ ರಿಜಿಸ್ಟ್ರಾರ್ ವರ್ಷಕ್ಕೆ ಒಮ್ಮೆಯಾದ್ರೂ ಆಡಿಟ್ ಮಾಡಬೇಕು ಇಲ್ಲವೇ ಮಾಡಿಸಬೇಕು ಅಂತ ಇಟ್ರು. ಕುಲಕರ್ಣಿಯ ಪುಸ್ತಕ ಓದಲಾಗದ ರೈತನ ಮೊಮ್ಮಗನಿಗೆ, ಮೊದಲ ಸಲ, ಅವನ ಕಡೆಯಿಂದ ಓದುವ ಒಬ್ಬ ಮನುಷ್ಯ ಸಿಕ್ಕ. ಕಾಯ್ದೆಯ ಉದ್ದೇಶವಾದ್ರೂ ಹಾಗಿತ್ತು.

1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, ಅದಕ್ಕೇ ಒಂದು ಲೆಕ್ಕಪರಿಶೋಧನಾ ಇಲಾಖೆ, ಆಮೇಲೆ 1997ರ ಸೌಹಾರ್ದ ಕಾಯ್ದೆ. 2012ರಲ್ಲಿ ಸಂವಿಧಾನದ 97ನೇ ತಿದ್ದುಪಡಿ ಬಂದ ಮೇಲೆ ರಾಜ್ಯದ ಕಾಯ್ದೆಯೂ ಬದಲಾಗಿ, ಆಡಿಟರ್‌ನನ್ನು ಪಟ್ಟಿಯಿಂದ ಆರಿಸೋ ಅಧಿಕಾರ ಸಂಘದ ಸರ್ವಸದಸ್ಯರ ಸಭೆಗೇ ಬಂತು. ಕೇಳೋಕೆ ಪ್ರಜಾಪ್ರಭುತ್ವ. ಆದ್ರೆ ಸಭೆಯಲ್ಲಿ ಏನಾಗ್ತದೆ? ಊಟದ ವಾಸನೆ ಬರ್ತಿರ್ತದೆ, ಅಧ್ಯಕ್ಷರು ಒಂದು ಹೆಸರು ಓದ್ತಾರೆ, ಎಲ್ಲಾರೂ ಕೈ ಎತ್ತುತ್ತಾರೆ. ಯಾರ ಲೆಕ್ಕ ನೋಡಬೇಕೋ ಅವರೇ ನೋಡುವವನನ್ನು ಸೂಚಿಸ್ತಾರೆ. ಎಲ್ಲಾ ಕಡೆ ಹೀಗೇ ಅಂತ ಹೇಳಲ್ಲ, ನಾನು ಹೋದ ಕಡೆ ಹೀಗಿತ್ತು.

ಹಾಗಂತ ತಂಗಿಗೆ ಸಹಕಾರಿ ಆಡಿಟ್ ಹಿಡಿ ಅಂತ ಹೇಳಿದೆನಾ? ಇಲ್ಲ. ಬಿಕಾಂ ಆದವರಿಗೆ ದಾರಿ ಎಷ್ಟೋ ಇವೆ. ಸಿಎ ಅಂದ್ರೆ 2023ರ ಹೊಸ ಸ್ಕೀಮಿನಲ್ಲಿ ಆರ್ಟಿಕಲ್‌ಶಿಪ್ ಎರಡೇ ವರ್ಷ. ಸಿಎಂಎ ಇದೆ. ಸಹಕಾರ ಲೆಕ್ಕಪರಿಶೋಧನೆಯ ಹುದ್ದೆಗೆ ಕೆಪಿಎಸ್‌ಸಿ ಪರೀಕ್ಷೆ. ಜಿಎಸ್‌ಟಿ ಪ್ರ್ಯಾಕ್ಟೀಷನರ್ ಆಗೋಕೂ ಪರೀಕ್ಷೆ ಇದೆ. ಯಾವುದರಲ್ಲಿ ಎಷ್ಟು ಸಂಬಳ ಅಂತ ಹೇಳುವ ವಿಡಿಯೋಗಳು ನಿಮ್ಮ ಫೋನಿನಲ್ಲೇ ಸಾವಿರ ಇವೆ. ವ್ಯಾಪಾರಿಯ ಪರವಾಗಿ ನಿಲ್ಲೋದೂ ಮರ್ಯಾದೆಯ ಕೆಲಸ, ನಮ್ಮ ಸಾಹೇಬ್ರನ್ನ ನೋಡಿದ್ದೀನಿ. ಕಾರ್ಖಾನೆಯ ಪರವಾಗಿ ಕಾಸ್ಟಿಂಗ್ ನೋಡಿದ್ರೆ ನೂರು ಮನೆಯ ಒಲೆ ಉರೀತದೆ. ನಾನು ಆಕೆಗೆ ಹೇಳಿದ್ದು ಇಷ್ಟೇ: ನಾನು ಅವತ್ತು ವರದಿ ಓದಿದ್ದು ಯಾರ ಪರವಾಗಿ ಅಂತ ನನಗೇ ಗೊತ್ತಿರಲಿಲ್ಲ. ಬಿಕಾಂ ಆದವನು ಅಂತ ತೋರಿಸ್ಕೊಳ್ಳೋಕೆ ಓದಿದೆ. ಕಾಕುವಿನ ಪರವಾಗಿ ಓದಿದ್ರೆ ಎರಡನೇ ಪುಟ ತಿರುಗಿಸ್ತಿದ್ದೆ.

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಮಳೆ ಜೋರಾಯ್ತು, ಗುಡಿಯ ಒಳಗೆ ಸರಿದು ಕೂತ್ವಿ. ಆಮೇಲೆ ಅಂದಳು, "ಅವ್ವಗ ಸಿಟ್ಟಿಲ್ಲ ನಿನ್ನ ಮ್ಯಾಲ. ಆದ್ರ ಆ ವರದಿ ಇನ್ನೂ ದೇವರ ಜಗಲಿ ಹಿಂದ ಇಟ್ಟಾಳ. ಮನಿಗೆ ಹೋದಮ್ಯಾಲ ಕೂತು ಓದಸು ನನಗ."

ಓದಿಸಿದೆ. ಕಾಕಾನ ಹಂಚಿನ ವಹಿಯನ್ನೂ ಪಕ್ಕದಲ್ಲಿ ಇಟ್ಕೊಂಡಳು. ಯಾಕೆ ಅಂತ ನಾನು ಕೇಳಲಿಲ್ಲ.

ಈಗ ಆಕೆ ಬೆಳಗಾವಿಯ ಒಂದು ಸಿಎ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ ಮಾಡೋಕೆ ಹೋಗ್ತಾ ಇದ್ದಾಳೆ, ಸಿಎ ಇಂಟರ್ ಪುಸ್ತಕವನ್ನೂ ತಂದುಕೊಂಡಿದ್ದಾಳೆ. ಯಾವ ಲೈನ್ ಅಂತ ಇನ್ನೂ ತೀರ್ಮಾನ ಆಗಿಲ್ಲ. ಮೊನ್ನೆ ಅವರ ಊರಿನ ಸಂಘದ ಸರ್ವಸದಸ್ಯರ ಸಭೆಯ ನೋಟಿಸು ಮನೆಗೆ ಬಂತು, ಜೊತೆಗೆ ತಾಳೇಪಟ್ಟಿ. ರಾತ್ರಿ ಹನ್ನೊಂದಕ್ಕೆ ನನಗೆ ವಾಟ್ಸ್‌ಆಪ್‌ನಲ್ಲಿ ಫೋಟೊ ಕಳಿಸಿದ್ದಳು. ಬರಬೇಕಾದ ಬಡ್ಡಿಯ ಸಾಲಿಗೆ ಪೆನ್ಸಿಲ್ಲಿನಿಂದ ಗೆರೆ, ಪಕ್ಕದಲ್ಲಿ ಹೋದ ವರ್ಷದ ಅಂಕಿ. ಕೆಳಗೆ ಒಂದು ಮೆಸೇಜು: "ಅಣ್ಣಾ, ಸಭಾದಾಗ ಇದನ್ನ ಅವ್ವನ ಕಡೆಯಿಂದ ಕೇಳಸ್ಲೋ, ನಾನ ಎದ್ದು ಕೇಳ್ಲೋ? ಸದಸ್ಯತ್ವ ಅವ್ವನ ಹೆಸರಿಗೆ ಐತಿ."

ಸಭೆ ಬರೋ ರವಿವಾರ. ಕಾಕು ಎದ್ದು ಕೇಳ್ತಾರಂತೆ. ನಾನೂ ಹೋಗ್ತಾ ಇದ್ದೀನಿ, ಹಿಂದಿನ ಸಾಲಿನಲ್ಲಿ ಕೂರೋಕೆ.